ಹಳೆಯ ಕಾರ್ಡು, ಹೊಸ ಕಾರ್ಡು: ಯಾವ ಅಳತೆಯನ್ನು ನಂಬುವುದು?

2017ರ ಮಾರ್ಚ್‌ನಲ್ಲಿ ಎನ್ವಿಡಿಯಾ ತನ್ನ ಜಿಟಿಎಕ್ಸ್ 1080 ಟಿಐ ಗ್ರಾಫಿಕ್ಸ್ ಕಾರ್ಡನ್ನು 699 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. ಅದರಲ್ಲಿದ್ದ ಕೋರ್‌ಗಳು 3584. ನಾಲ್ಕು ವರ್ಷ ಕಳೆದ ಮೇಲೆ, 2021ರ ಫೆಬ್ರವರಿಯಲ್ಲಿ, ಅದೇ ಕಂಪನಿಯ ಆರ್‌ಟಿಎಕ್ಸ್ 3060 ಬಂತು. ಬೆಲೆ 329 ಡಾಲರ್. ಕೋರ್‌ಗಳ ಸಂಖ್ಯೆ ಮತ್ತೆ 3584. ಸಾಮಾನ್ಯ ಆಟಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಹಳೆಯ ಆಟಗಳಲ್ಲಿ ಹಳೆಯ ಕಾರ್ಡೇ ತುಸು ಮುಂದು. ಹೊಸದು ನುಂಗುವ ವಿದ್ಯುತ್ 170 ವ್ಯಾಟ್, ಹಳೆಯದು 250. ಮೆಮೊರಿ ಹೊಸದರಲ್ಲಿ 12 ಜಿಬಿ, ಹಳೆಯದರಲ್ಲಿ 11. ಆದರೆ ಆ ಮೆಮೊರಿಯಿಂದ ದತ್ತಾಂಶ ಹರಿದುಬರುವ ವೇಗದಲ್ಲಿ ಹಳೆಯದೇ ಮೇಲು: ಸೆಕೆಂಡಿಗೆ 484 ಜಿಬಿ, ಹೊಸದರದು 360. ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕಿ ಚಿತ್ರ ಮೂಡಿಸುವ ರೇ ಟ್ರೇಸಿಂಗ್ ಎಂದಕೂಡಲೇ ಮಾತ್ರ ಹಳೆಯದು ಕೈಚೆಲ್ಲುತ್ತದೆ.

ಹಾಗಾದರೆ ಯಾವುದು ಹೆಚ್ಚು ಶಕ್ತಿಶಾಲಿ? ಪ್ರಶ್ನೆ ಸರಳ, ಆದರೆ ಒಂದೇ ಅಂಕಿಯ ಉತ್ತರ ಇದಕ್ಕಿಲ್ಲ. ಜನ ಹಿಡಿದುಕೊಳ್ಳುವ ಅಳತೆಗಳು ಹಲವು: ಹೆಸರಿನ ಸಂಖ್ಯೆ, ಕೋರ್‌ಗಳ ಎಣಿಕೆ, ಟೆರಾಫ್ಲಾಪ್, ಮೆಮೊರಿ, ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮುಗಳ ಸಂಖ್ಯೆ). ಒಂದೊಂದೂ ಒಂದೊಂದು ಹಂತದಲ್ಲಿ ಕೈಕೊಡುತ್ತದೆ. ಎಲ್ಲಿ ಕೈಕೊಡುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ಹೋಲಿಕೆಗೆ ಅರ್ಥ.

ಹೆಸರನ್ನೇ ಮೊದಲು ನೋಡೋಣ, ಏಕೆಂದರೆ ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಅದೇ. 2001ರಲ್ಲಿ ಬಂದ ಜಿಫೋರ್ಸ್ 3 ಪ್ರೋಗ್ರಾಮ್ ಮಾಡಬಲ್ಲ ಶೇಡರ್‌ಗಳನ್ನು ತಂದಿತು; ನೀರಿನ ಹೊಳಪು, ಚರ್ಮದ ಮೇಲಿನ ಬೆಳಕು ಇವನ್ನೆಲ್ಲ ಆಟ ಬರೆಯುವವರೇ ರೂಪಿಸುವ ಸೌಲಭ್ಯ ಅದು. ಮರುವರ್ಷ ಬಂದ ಜಿಫೋರ್ಸ್ 4 ಎಂಎಕ್ಸ್‌ನಲ್ಲಿ ಆ ಸೌಲಭ್ಯವೇ ಇರಲಿಲ್ಲ. ಒಳಗಿದ್ದದ್ದು ಬಹುಪಾಲು ಜಿಫೋರ್ಸ್ 2ರ ಕಾಲದ ವಿನ್ಯಾಸ. ನಾಲ್ಕು ಎಂಬ ಅಂಕಿ ನೋಡಿ ಕೊಂಡವರಿಗೆ ಸಿಕ್ಕಿದ್ದು ಮೂರಕ್ಕಿಂತ ಹಿಂದಿನದು. ಜಿ92 ಎಂಬ ಚಿಪ್ಪು 8800 ಜಿಟಿಎಸ್ 512 ಎಂದು 2007ರ ಕೊನೆಯಲ್ಲಿ ಬಂದು, 9800 ಜಿಟಿಎಕ್ಸ್ ಆಗಿ, 9800 ಜಿಟಿಎಕ್ಸ್ ಪ್ಲಸ್ ಆಗಿ, 2009ರಲ್ಲಿ ಜಿಟಿಎಸ್ 250 ಆಗಿ ಮರುಜನ್ಮ ಪಡೆಯುತ್ತಲೇ ಹೋಯಿತು. ಪ್ರತಿಸ್ಪರ್ಧಿ ಕಂಪನಿ ಎಎಂಡಿಯೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಎಚ್‌ಡಿ 7970 ಮುಂದೆ ಆರ್9 280ಎಕ್ಸ್ ಆಯಿತು. ಇವುಗಳಿಗಿಂತ ನನಗೆ ಹೆಚ್ಚು ಬೇಸರ ತರಿಸುವುದು ಜಿಟಿ 1030ರ ಕತೆ. ಕಡಿಮೆ ದುಡ್ಡಿನವರು ಕೊಳ್ಳುವ ಕಾರ್ಡು ಅದು. 2017ರ ಮೊದಲ ಆವೃತ್ತಿಯ ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿ. ಮುಂದಿನ ವರ್ಷ ಅದೇ ಹೆಸರಲ್ಲಿ, ಡಿಡಿಆರ್4 ಮೆಮೊರಿ ಹಾಕಿದ ಇನ್ನೊಂದು ಆವೃತ್ತಿ ಬಂತು. ಅದರ ವೇಗ 17 ಜಿಬಿಗೂ ಕಡಿಮೆ. ಎಷ್ಟೋ ಆಟಗಳಲ್ಲಿ ಎಫ್‌ಪಿಎಸ್ ಅರ್ಧಕ್ಕೆ ಇಳಿಯಿತು. ಪೆಟ್ಟಿಗೆಯ ಮೇಲಿನ ದೊಡ್ಡಕ್ಷರದಲ್ಲಿ ವ್ಯತ್ಯಾಸವೇ ಇಲ್ಲ. ಹೆಸರಿನ ಈ ಆಟ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೂ ಜೋರು: ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4090ರಲ್ಲಿ ಕುಳಿತಿರುವುದು ಡೆಸ್ಕ್‌ಟಾಪಿನ 4080ರ ಚಿಪ್ಪು, ಅದೂ ಸುಮಾರು ಅರ್ಧದಷ್ಟು ವಿದ್ಯುತ್ತಿನಲ್ಲಿ.

ಹೆಸರು ಬಿಟ್ಟು ಕೋರ್ ಎಣಿಸೋಣವೆಂದರೆ ಅಲ್ಲೂ ತೊಡಕು. 2010ರ ಜಿಟಿಎಕ್ಸ್ 580ರಲ್ಲಿ 512 ಕೋರ್‌ಗಳಿದ್ದವು. 2012ರ ಜಿಟಿಎಕ್ಸ್ 680ರಲ್ಲಿ 1536, ಅಂದರೆ ಸರಿಯಾಗಿ ಮೂರು ಪಟ್ಟು. ಆಟಗಳಲ್ಲಿ ಮೂರು ಪಟ್ಟು ವೇಗ ಬಂತೇ? ಹೆಚ್ಚಳ ಸುಮಾರು ಮೂರನೇ ಒಂದು ಭಾಗದಷ್ಟು ಮಾತ್ರ. ಹಳೆಯ ವಿನ್ಯಾಸದಲ್ಲಿ ಕೋರ್‌ಗಳು ಚಿಪ್ಪಿನ ಉಳಿದ ಭಾಗಕ್ಕಿಂತ ಎರಡು ಪಟ್ಟು ವೇಗದಲ್ಲಿ ಓಡುತ್ತಿದ್ದವು. ಹೊಸದರಲ್ಲಿ ಆ ದುಪ್ಪಟ್ಟು ಓಟ ಕೈಬಿಟ್ಟು, ವಿದ್ಯುತ್ ಉಳಿಸಿ, ಎಣಿಕೆಯನ್ನು ಹೆಚ್ಚಿಸಿದರು. ಮೆಮೊರಿ ವೇಗವಂತೂ ಎರಡರಲ್ಲೂ ಸೆಕೆಂಡಿಗೆ 192 ಜಿಬಿ, ಒಂದಿಷ್ಟೂ ಹೆಚ್ಚಲಿಲ್ಲ.

ಟೆರಾಫ್ಲಾಪ್ ಎಂಬ ಅಂಕಿ ಕೋರ್ ಎಣಿಕೆಯನ್ನೂ ಗಡಿಯಾರದ ವೇಗವನ್ನೂ ಗುಣಿಸಿ ಬರುವಂಥದ್ದು, ಹಾಗಾಗಿ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಅದೂ ಒಂದೇ ವಂಶದ ಕಾರ್ಡುಗಳ ನಡುವೆ ಮಾತ್ರ ನಡೆಯುತ್ತದೆ. 2018ರ ಆರ್‌ಟಿಎಕ್ಸ್ 2080 ಟಿಐಗೆ 13.4 ಟೆರಾಫ್ಲಾಪ್, 2020ರ ಆರ್‌ಟಿಎಕ್ಸ್ 3070ಗೆ 20.3. ಕಾಗದದ ಮೇಲೆ ಹೊಸದು ಶೇಕಡ 50ರಷ್ಟು ಬಲಶಾಲಿ. ಆಟಗಳಲ್ಲಿ ನೋಡಿದರೆ ಎರಡೂ ಸಮ. ಪೂರ್ಣಾಂಕ ಲೆಕ್ಕಕ್ಕೆ ಮೀಸಲಿದ್ದ ಘಟಕಗಳು ದಶಮಾಂಶ ಲೆಕ್ಕವನ್ನೂ ಮಾಡುವಂತೆ ಹೊಸ ವಿನ್ಯಾಸದಲ್ಲಿ ಬದಲಿಸಿದ್ದರಿಂದ ಎಣಿಕೆ ಏರಿತು. ಆಟಕ್ಕೆ ಎರಡೂ ಬಗೆಯ ಲೆಕ್ಕ ಬೇಕಾದಾಗ ಆ ಘಟಕಗಳು ಸರದಿಯಲ್ಲೇ ದುಡಿಯಬೇಕು. ಮೇಲಾಗಿ ಮೆಮೊರಿ ವೇಗ 616 ಜಿಬಿಯಿಂದ 448ಕ್ಕೆ ಇಳಿದಿತ್ತು. ಮದುವೆಮನೆಯಲ್ಲಿ ಅಡುಗೆಭಟ್ಟರು ಎಷ್ಟು ಮಂದಿಯಿದ್ದರೇನು, ಉಗ್ರಾಣದಿಂದ ಸಾಮಾನು ಬರುವ ದಾರಿ ಇಕ್ಕಟ್ಟಾದರೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹಾಗೆಂದು 3070 ಕೆಟ್ಟ ಕಾರ್ಡಲ್ಲ: 999 ಡಾಲರಿನಿಂದ ಶುರುವಾಗಿದ್ದ ಕಾರ್ಡಿನ ಕೆಲಸವನ್ನು ಅದು 499ಕ್ಕೆ ಮಾಡಿತು. ಎರಡು ವರ್ಷದಲ್ಲಿ ಅಷ್ಟು ಸಾಧಿಸಿದ್ದು ದೊಡ್ಡ ಮಾತೇ.

ಅಂಥ ಜಿಗಿತ ಎಲ್ಲ ಸಲವೂ ಬರುವುದಿಲ್ಲ. 2006ರ ನವೆಂಬರಿನಲ್ಲಿ ಬಂದ 8800 ಜಿಟಿಎಕ್ಸ್ ಹಿಂದಿನ ಪೀಳಿಗೆಯನ್ನು ಅನೇಕ ಆಟಗಳಲ್ಲಿ ದುಪ್ಪಟ್ಟಿನ ಹತ್ತಿರ ಹಿಂದಿಕ್ಕಿತ್ತು. ಈಗ ಮಧ್ಯಮ ವರ್ಗದ ಕಾರ್ಡುಗಳ ಸಾಲನ್ನು ನೋಡಿ. 2016ರ ಜಿಟಿಎಕ್ಸ್ 1060ರಲ್ಲಿ 6 ಜಿಬಿ, 2019ರ ಆರ್‌ಟಿಎಕ್ಸ್ 2060ರಲ್ಲೂ 6 ಜಿಬಿ, 3060ರಲ್ಲಿ 12, 2023ರ 4060ರಲ್ಲಿ 8, 2025ರ 5060ರಲ್ಲೂ 8. ಮೆಮೊರಿಯ ದಾರಿ ಮೊದಲ ಮೂರರಲ್ಲಿ 192 ಬಿಟ್ ಅಗಲ, ಕೊನೆಯ ಎರಡರಲ್ಲಿ 128. ವೇಗದ ಮೆಮೊರಿ, ದೊಡ್ಡ ಕ್ಯಾಶ್ ಇವುಗಳಿಂದ ಆ ಕೊರತೆಯನ್ನು ತುಂಬುವ ಪ್ರಯತ್ನ ನಡೆದಿದೆ. ಎಲ್ಲಿ ತುಂಬುತ್ತದೆ, ಎಲ್ಲಿ ತುಂಬುವುದಿಲ್ಲ ಎಂಬುದಕ್ಕೆ 4060 ಟಿಐ ಒಳ್ಳೆಯ ಸಾಕ್ಷಿ. 2020ರ 3060 ಟಿಐನ ಬೆಲೆಗೇ, 399 ಡಾಲರಿಗೇ, 2023ರಲ್ಲಿ ಅದು ಬಂತು. ಕ್ಯಾಶ್ 4 ಎಂಬಿಯಿಂದ 32 ಎಂಬಿಗೆ ಏರಿತ್ತು, ಮೆಮೊರಿ ವೇಗ 448 ಜಿಬಿಯಿಂದ 288ಕ್ಕೆ ಇಳಿದಿತ್ತು. 1080ಪಿ ಪರದೆಯಲ್ಲಿ ಹೊಸದು ಶೇಕಡ ಹತ್ತರ ಆಸುಪಾಸು ಮುಂದು. 4ಕೆ ಪರದೆಗೆ ಹೋದರೆ ಬೇಕಾದ ದತ್ತಾಂಶ ಕ್ಯಾಶಿಗೆ ಹಿಡಿಸದೆ ಕೆಲವು ಆಟಗಳಲ್ಲಿ ಹೊಸದೇ ಹಿಂದೆ ಬಿತ್ತು. ಎರಡೂವರೆ ವರ್ಷದ ಅಂತರಕ್ಕೆ ಇದು ತೀರ ಸಣ್ಣ ಫಲ ಎಂದೇ ನನ್ನ ತೀರ್ಮಾನ. ವಿದ್ಯುತ್ 200ರಿಂದ 160 ವ್ಯಾಟಿಗೆ ಇಳಿದದ್ದು ಮಾತ್ರ ನಿಜವಾದ ಲಾಭ.

ಮೆಮೊರಿಯ ಪ್ರಮಾಣ ವಿಚಿತ್ರ ಬಗೆಯ ಅಳತೆ. ಸಾಕಷ್ಟಿರುವವರೆಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸಾಲದಾದ ಗಳಿಗೆಯಿಂದ ಬೇರೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. 2023ರ ಮಾರ್ಚ್‌ನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಭಾಗ 1’ ಪಿಸಿಗೆ ಬಂದಾಗ 8 ಜಿಬಿ ಕಾರ್ಡುಗಳು ಪಟ್ಟ ಪಾಡು ಇದನ್ನು ಬಯಲು ಮಾಡಿತು. ಸಮಬಲ ಎನ್ನಿಸಿಕೊಂಡಿದ್ದ 2080 ಟಿಐ ಮತ್ತು 3070 ಜೋಡಿಯಲ್ಲಿ, ಗರಿಷ್ಠ ಗುಣಮಟ್ಟದ ಹೊಸ ಆಟಗಳು ಬಂದಂತೆಲ್ಲ, 11 ಜಿಬಿಯ ಹಳೆಯ ಕಾರ್ಡು ಉಸಿರಾಡಿತು, 8 ಜಿಬಿಯ ಹೊಸದು ಏದುಸಿರು ಬಿಟ್ಟಿತು. ಸರಾಸರಿ ಎಫ್‌ಪಿಎಸ್‌ನಲ್ಲಿ ಇದು ಅಷ್ಟಾಗಿ ಕಾಣದು. ಚಿತ್ರ ತಟ್ಟನೆ ತಡೆದು ನಿಲ್ಲುವುದು, ಗೋಡೆಯ ಮೇಲಿನ ಚಿತ್ತಾರ ಮಸುಕಾಗಿ ಬಂದು ಎಷ್ಟೋ ಹೊತ್ತಿಗೆ ಸ್ಪಷ್ಟವಾಗುವುದು, ಇವು ಕಣ್ಣಿಗೆ ಕಾಣುತ್ತವೆ, ಪಟ್ಟಿಯಲ್ಲಿ ಕಾಣುವುದಿಲ್ಲ.

ಸರಾಸರಿ ಮುಚ್ಚಿಡುವುದನ್ನು ಮುಂದಿಟ್ಟವರಲ್ಲಿ ‘ದಿ ಟೆಕ್ ರಿಪೋರ್ಟ್’ನ ಸ್ಕಾಟ್ ವಾಸನ್ ಅವರನ್ನು ನೆನೆಯಲೇಬೇಕು. ಸೆಕೆಂಡಿಗೆ 60 ಫ್ರೇಮ್ ಎಂದರೆ ಪ್ರತಿ ಫ್ರೇಮಿಗೂ 16.7 ಮಿಲಿಸೆಕೆಂಡ್ ಎಂದು ನಾವು ಊಹಿಸಿಕೊಳ್ಳುತ್ತೇವೆ. ನಿಜದಲ್ಲಿ ಕೆಲವು ಫ್ರೇಮು 8ರಲ್ಲಿ ಬಂದು ಒಂದೊಂದು 80ರವರೆಗೆ ಎಳೆದರೂ ಸರಾಸರಿ ಅಷ್ಟೇ ಬಂದೀತು. 2011ರಲ್ಲಿ ಅವರು ಸೆಕೆಂಡಿನ ಒಳಗೇ ಹೊಕ್ಕು ಒಂದೊಂದು ಫ್ರೇಮಿನ ಕಾಲವನ್ನೂ ಅಳೆದು ಬರೆದರು. ಇಂದು ಬಹುತೇಕ ಪರೀಕ್ಷೆಗಳಲ್ಲಿ ಕಾಣುವ ‘ಅತಿ ನಿಧಾನದ ಶೇಕಡ 1’ ಎಂಬ ಅಂಕಿಯ ಹಿಂದೆ ಆ ಯೋಚನೆಯಿದೆ. ಹಳೆಯ ಕಾರ್ಡನ್ನು ಹೊಸದರ ಪಕ್ಕ ಇಡುವಾಗ ನಾನು ಮೊದಲು ಹುಡುಕುವುದು ಆ ಅಂಕಿಯನ್ನೇ, ಸರಾಸರಿಯನ್ನಲ್ಲ.

ಪರೀಕ್ಷೆಗೇ ಮೋಸ ಮಾಡಿದ ಪ್ರಸಂಗಗಳೂ ಇವೆ. 2001ರಲ್ಲಿ ಎಟಿಐ ಎಂಬ ಕಾರ್ಡು ಕಂಪನಿಯ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ‘ಕ್ವೇಕ್ 3’ ಆಟವನ್ನು ಅದರ ಫೈಲಿನ ಹೆಸರಿನಿಂದ ಗುರುತಿಸಿ ಚಿತ್ರದ ಗುಣಮಟ್ಟ ಇಳಿಸಿ ವೇಗ ತೋರಿಸುತ್ತಿದ್ದದ್ದು, ಪರೀಕ್ಷಕರು ಹೆಸರನ್ನು ‘ಕ್ವ್ಯಾಕ್’ ಎಂದು ಬದಲಿಸಿದಾಗ ಬಯಲಾಯಿತು. 2003ರಲ್ಲಿ ‘3ಡಿಮಾರ್ಕ್03’ ಪರೀಕ್ಷೆಯಲ್ಲಿ ಎನ್ವಿಡಿಯಾ ಡ್ರೈವರ್‌ನ ಅಂಥದೇ ಕೈಚಳಕವನ್ನು ಅದರ ತಯಾರಕರಾದ ಫ್ಯೂಚರ್‌ಮಾರ್ಕ್ ಎತ್ತಿ ತೋರಿಸಿದರು. ಆದರೆ ದಿನನಿತ್ಯದ ಹೋಲಿಕೆ ಕೆಡುವುದು ಮೋಸದಿಂದಲ್ಲ, ಅಜಾಗರೂಕತೆಯಿಂದ. 2017ರ ಪರೀಕ್ಷೆಯ ಪಟ್ಟಿಯಿಂದ ಒಂದು ಅಂಕಿ, 2024ರ ಪಟ್ಟಿಯಿಂದ ಇನ್ನೊಂದು ಅಂಕಿ ತೆಗೆದು ಅಕ್ಕಪಕ್ಕ ಇಡುವುದು ಎಲ್ಲರೂ ಮಾಡುವ ಕೆಲಸ. ಆ ನಡುವೆ ಪರೀಕ್ಷಕರ ಪ್ರೊಸೆಸರ್ ಬದಲಾಗಿದೆ, ವಿಂಡೋಸ್ ಬದಲಾಗಿದೆ, ಡ್ರೈವರ್ ಬದಲಾಗಿದೆ, ಆಟಕ್ಕೇ ಹತ್ತಾರು ತಿದ್ದುಪಡಿಗಳು ಬಂದಿವೆ. ಎರಡು ಕಾರ್ಡನ್ನೂ ಒಂದೇ ಯಂತ್ರಕ್ಕೆ, ಒಂದೇ ವಾರದಲ್ಲಿ ಹಾಕಿ ಅಳೆದಿದ್ದರೆ ಮಾತ್ರ ಅದು ಹೋಲಿಕೆ.

ಡ್ರೈವರ್‌ನ ಮಾತು ಬಂದದ್ದರಿಂದ ಕಾಲ ಮಾಡುವ ಬದಲಾವಣೆಯನ್ನೂ ಇಲ್ಲೇ ಹೇಳಬೇಕು. ಕಾರ್ಡು ಅದೇ, ವೇಗ ಅದೇ ಇರುವುದಿಲ್ಲ. 2012ರಲ್ಲಿ ಜಿಟಿಎಕ್ಸ್ 680 ರೇಡಿಯಾನ್ ಎಚ್‌ಡಿ 7970ಗಿಂತ ಸ್ವಲ್ಪ ಮುಂದಿತ್ತು. ವರ್ಷಗಳು ಉರುಳಿದಂತೆ ಸ್ಥಾನ ಅದಲುಬದಲಾಯಿತು. ಎಎಂಡಿ ಕಾರ್ಡಿನಲ್ಲಿ 2ರ ಬದಲು 3 ಜಿಬಿ ಮೆಮೊರಿ, 192ರ ಬದಲು 264 ಜಿಬಿ ವೇಗ ಇತ್ತು. ಅದಕ್ಕಿಂತ ಮುಖ್ಯವಾಗಿ, 2013ರ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡಕ್ಕೂ ಆ ಎಎಂಡಿ ಕಾರ್ಡಿನದೇ ಜಿಸಿಎನ್ ವಿನ್ಯಾಸದ ಚಿಪ್ಪು ಸೇರಿ, ಆಟ ಬರೆಯುವವರೆಲ್ಲ ಆ ವಿನ್ಯಾಸಕ್ಕೆ ತಕ್ಕಂತೆ ಬರೆಯತೊಡಗಿದರು. 2022ರ ಇಂಟೆಲ್ ಆರ್ಕ್ ಎ770 ಇನ್ನೊಂದು ಉದಾಹರಣೆ. ಬಂದಾಗ ಹಳೆಯ ಡೈರೆಕ್ಟ್‌ಎಕ್ಸ್ 9 ಆಟಗಳಲ್ಲಿ ತಡವರಿಸುತ್ತಿತ್ತು, ಕೆಲವೇ ತಿಂಗಳ ಡ್ರೈವರ್ ಕೆಲಸದಿಂದ ಬಹಳಷ್ಟು ಸುಧಾರಿಸಿತು. ವಿರುದ್ಧ ದಿಕ್ಕಿನದೂ ಉಂಟು: 2025ರ ಆರ್‌ಟಿಎಕ್ಸ್ 50 ಸರಣಿ ಆಟದೊಳಗಿನ ಭೌತಿಕ ಪರಿಣಾಮಗಳನ್ನು ಲೆಕ್ಕ ಹಾಕುವ 32 ಬಿಟ್ ಫಿಸ್‌ಎಕ್ಸ್‌ನ ಬೆಂಬಲವಿಲ್ಲದೆ ಬಿಡುಗಡೆಯಾಯಿತು. ‘ಮಿರರ್ಸ್ ಎಡ್ಜ್’, ‘ಬಾರ್ಡರ್‌ಲ್ಯಾಂಡ್ಸ್ 2’ರಂಥ ಆಟಗಳಲ್ಲಿ ಆ ಸೌಲಭ್ಯ ಹಾಕಿಕೊಂಡರೆ ಲೆಕ್ಕವೆಲ್ಲ ಪ್ರೊಸೆಸರ್ ಹೆಗಲಿಗೆ ಬಿದ್ದು, ಆ ಹೊತ್ತಿಗೆ ಎಷ್ಟೋ ಹಳೆಯ ಕಾರ್ಡೇ ಮೇಲಾಗಿತ್ತು.

ಇನ್ನು ಇಡೀ ಪ್ರಶ್ನೆಯಲ್ಲಿ ಅತ್ಯಂತ ಕಗ್ಗಂಟಿನ ಭಾಗ. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ವೇದಿಕೆಯ ಮೇಲೆ ಎನ್ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್, 549 ಡಾಲರಿನ ಆರ್‌ಟಿಎಕ್ಸ್ 5070ರಲ್ಲಿ 4090ರ ಸಾಮರ್ಥ್ಯ ಸಿಗುತ್ತದೆ ಎಂದರು. 4090ರಲ್ಲಿ 16384 ಕೋರ್‌ಗಳು, 24 ಜಿಬಿ ಮೆಮೊರಿ, ಬೆಲೆ 1599 ಡಾಲರ್. 5070ರಲ್ಲಿ 6144 ಕೋರ್‌ಗಳು, 12 ಜಿಬಿ. ಆ ಮಾತು ನಿಂತದ್ದು ಕಂಪನಿಯ ಡಿಎಲ್‌ಎಸ್‌ಎಸ್ 4 ಎಂಬ ತಂತ್ರಜ್ಞಾನದ ಬಹುಫ್ರೇಮ್ ಸೃಷ್ಟಿಯ ಮೇಲೆ. ಕಾರ್ಡು ಒಂದು ಫ್ರೇಮನ್ನು ನಿಜವಾಗಿ ರಚಿಸಿದರೆ, ನರಜಾಲದ ಲೆಕ್ಕದಿಂದ ಇನ್ನು ಮೂರನ್ನು ಊಹಿಸಿ ನಡುವೆ ತುಂಬುತ್ತದೆ. ಸೆಕೆಂಡಿಗೆ 30 ನಿಜ ಫ್ರೇಮು ಪರದೆಯ ಮೇಲೆ 120ರ ಹತ್ತಿರ ಕಾಣುತ್ತದೆ. ಊಹೆಯಿಲ್ಲದೆ ಅಳೆದಾಗ 5070 ನಿಂತದ್ದು 4070 ಸೂಪರ್‌ನ ಆಸುಪಾಸು, 4090ರಿಂದ ಬಹು ದೂರ.

ಊಹಿಸಿದ ಫ್ರೇಮು ಕೆಲಸಕ್ಕೆ ಬಾರದ್ದು ಎನ್ನುವ ಪಕ್ಷ ನನ್ನದಲ್ಲ. ನಿಜ ಫ್ರೇಮು 60-70 ಇದ್ದು, ಹೆಚ್ಚು ವೇಗದ ಪರದೆಯಿದ್ದರೆ ಚಲನೆ ನಿಜಕ್ಕೂ ನಯವಾಗುತ್ತದೆ. ಆದರೆ ಮೌಸ್ ತಿರುಗಿಸಿದ್ದಕ್ಕೆ ಆಟ ಸ್ಪಂದಿಸುವುದು ನಿಜ ಫ್ರೇಮಿನಲ್ಲಿ ಮಾತ್ರ. 30ರ ತಳಹದಿಯ ಮೇಲಿನ 120 ಕಣ್ಣಿಗೆ 120, ಕೈಗೆ 30, ಕೆಲವೊಮ್ಮೆ ಅದಕ್ಕೂ ಕಡಿಮೆ. ಎಫ್‌ಪಿಎಸ್ ಎಂಬ ಅಳತೆ ಎರಡು ದಶಕಕ್ಕೂ ಮಿಕ್ಕಿ ಒಟ್ಟಿಗೆ ಅಳೆಯುತ್ತಿದ್ದ ನಯ ಮತ್ತು ಸ್ಪಂದನೆ ಇಲ್ಲಿ ಬೇರ್ಪಟ್ಟಿವೆ. ಬೇರ್ಪಟ್ಟ ಮೇಲೂ ಒಂದೇ ಅಂಕಿಯಲ್ಲಿ ಹೇಳುವುದು, ಅದನ್ನು ಹಳೆಯ ಕಾರ್ಡಿನ ಅಂಕಿಯ ಪಕ್ಕ ನಿಲ್ಲಿಸುವುದು ಓದುಗನ ದಾರಿ ತಪ್ಪಿಸುತ್ತದೆ. ಸಣ್ಣ ಚಿತ್ರವನ್ನು ದೊಡ್ಡದು ಮಾಡುವ ಅಪ್‌ಸ್ಕೇಲಿಂಗ್ ಬೇರೆ ಸಂಗತಿ. ಅಲ್ಲಿ ಪ್ರತಿ ಫ್ರೇಮೂ ಆಟದಿಂದಲೇ ಬರುತ್ತದೆ, ಸ್ಪಂದನೆಯೂ ಸುಧಾರಿಸುತ್ತದೆ. ಅದು ಹಳೆಯ ಕಾರ್ಡುಗಳಿಗೂ ಆಯುಷ್ಯ ಕೊಟ್ಟಿದೆ. 2021ರಲ್ಲಿ ಎಎಂಡಿ ತಂದ ಎಫ್‌ಎಸ್‌ಆರ್ ಪ್ರತಿಸ್ಪರ್ಧಿಯ ಹಳೆಯ ಜಿಟಿಎಕ್ಸ್ ಕಾರ್ಡುಗಳ ಮೇಲೂ ಓಡುತ್ತದೆ. ಡಿಎಲ್‌ಎಸ್‌ಎಸ್ 4ರ ಹೊಸ ಚಿತ್ರಸುಧಾರಣೆ 2018ರ ಆರ್‌ಟಿಎಕ್ಸ್ 20 ಸರಣಿಗೂ ಸಿಕ್ಕಿತು. ಏಳು ವರ್ಷ ಹಳೆಯದಾದ ಕಾರ್ಡು ಕೊಂಡ ದಿನಕ್ಕಿಂತ ಚೆಂದದ ಚಿತ್ರ ಕೊಡುವುದು ಈ ಉದ್ಯಮದಲ್ಲಿ ಹಿಂದೆ ಅಷ್ಟಾಗಿ ಕಾಣದ ಸಂಗತಿ, ಅದನ್ನು ಮನಸಾರೆ ಮೆಚ್ಚಬೇಕು.

ವೇಗದ ಮಾತೇ ಬಾರದ ಕಡೆಯೂ ಇದೆ. 2023ರ ‘ಅಲನ್ ವೇಕ್ 2’ ಮೆಶ್ ಶೇಡರ್ ಎಂಬ ಯಂತ್ರಾಂಶ ಸೌಲಭ್ಯ ಬಯಸಿತು. ಅದಿಲ್ಲದ ಜಿಟಿಎಕ್ಸ್ 10 ಸರಣಿ ಮುಂದಿನ ವರ್ಷದ ತಿದ್ದುಪಡಿ ಬರುವವರೆಗೆ ತೆವಳಿತು. 2024ರ ಕೊನೆಯ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’ಗೆ ರೇ ಟ್ರೇಸಿಂಗ್ ಯಂತ್ರಾಂಶ ಕಡ್ಡಾಯ. ಎಷ್ಟೇ ಬಲವಿದ್ದರೂ ಆ ಸೌಲಭ್ಯವಿಲ್ಲದ ಹಳೆಯ ಕಾರ್ಡಿಗೆ ಅಲ್ಲಿ ಪ್ರವೇಶವಿಲ್ಲ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕಾರ್ಡು ಹುಡುಕುವ ವಿದ್ಯಾರ್ಥಿಗೆ ಈ ಹೋಲಿಕೆ ಬೇರೆಯದೇ ರೂಪದಲ್ಲಿ ಎದುರಾಗುತ್ತದೆ. ಕಂಪನಿಗಳು ಹೊರಹಾಕಿದ ಆಫೀಸು ಕಂಪ್ಯೂಟರ್ ಕೊಂಡು ಅದಕ್ಕೊಂದು ಕಾರ್ಡು ಸೇರಿಸುವುದು ಅಗ್ಗದ ದಾರಿ. ಅಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಡು ಕೂರುವ ಕಿಂಡಿಯ ಹಳೆಯ ಆವೃತ್ತಿಯಾದ ಪಿಸಿಐಇ 3.0. 2022ರ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಪಿಸಿಐಇ 4.0ರ ನಾಲ್ಕೇ ಪಥ ಬಳಸುವ, 4 ಜಿಬಿ ಮೆಮೊರಿಯ ಕಾರ್ಡು. ಹಳೆಯ ಮದರ್‌ಬೋರ್ಡಿನಲ್ಲಿ ಆ ಪಥಗಳ ವೇಗ ಅರ್ಧಕ್ಕಿಳಿಯುತ್ತದೆ. 4 ಜಿಬಿ ತುಂಬಿದ ಕೂಡಲೇ ಆಟ ಕುಸಿಯುತ್ತದೆ. ಹದಿನಾರು ಪಥ, 8 ಜಿಬಿ ಇರುವ 2017ರ ಆರ್‌ಎಕ್ಸ್ 580 ಅದೇ ಯಂತ್ರದಲ್ಲಿ ನಿರಾಳವಾಗಿ ಓಡುತ್ತದೆ. ಸ್ಥಿತಿ ಚೆನ್ನಾಗಿರುವ ಕಾರ್ಡು ಸಿಕ್ಕರೆ, ಇಲ್ಲಿ ಹಳೆಯದನ್ನೇ ಕೊಳ್ಳಿ ಎನ್ನಲು ನನಗೆ ಅನುಮಾನವಿಲ್ಲ. ಸ್ಥಿತಿಯ ಮಾತು ಯಾಕೆಂದರೆ, 2022ರ ಸೆಪ್ಟೆಂಬರಿನಲ್ಲಿ ಕಾರ್ಡುಗಳಿಂದ ಮಾಡುತ್ತಿದ್ದ ಇಥೀರಿಯಂ ಕ್ರಿಪ್ಟೊನಾಣ್ಯದ ಗಣಿಗಾರಿಕೆ ನಿಂತಾಗ ಹಗಲಿರುಳು ದುಡಿದ ರಾಶಿ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. 2012ರಿಂದೀಚೆಗಿನ ಕಾರ್ಡುಗಳು ಬಿಸಿಯನ್ನು ನೋಡಿಕೊಂಡು ತಮ್ಮ ವೇಗ ಹೊಂದಿಸಿಕೊಳ್ಳುತ್ತವೆ. ಒಣಗಿದ ಪೇಸ್ಟು, ಧೂಳು ಕಟ್ಟಿದ ಫ್ಯಾನು, ಅದರ ಜೊತೆಗೆ ಕಲಬುರಗಿಯ ಮೇ ತಿಂಗಳ 40 ಡಿಗ್ರಿ ದಾಟುವ ಸೆಕೆ. ಹವಾನಿಯಂತ್ರಿತ ಕೋಣೆಯಲ್ಲಿ ಅಳೆದ ಅಂಕಿ ಅಲ್ಲಿ ಸಿಗಲಾರದು. ವಿದ್ಯುತ್ ಬಿಲ್ಲನ್ನೂ ಲೆಕ್ಕ ಹಾಕಬೇಕು. 250 ವ್ಯಾಟಿನ ಹಳೆಯ ಕಾರ್ಡಿನ ಬದಲು 115 ವ್ಯಾಟಿನ 4060 ದಿನಕ್ಕೆ ನಾಲ್ಕು ತಾಸು ಪೂರ್ಣ ಹೊರೆಯಲ್ಲಿ ಓಡಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿತಾಯ.

ಆಟದಾಚೆಯ ಕೆಲಸಗಳಲ್ಲಿ ಶ್ರೇಣಿ ಮತ್ತೆ ತಲೆಕೆಳಗಾಗುತ್ತದೆ. ಬ್ಲೆಂಡರ್ ತಂತ್ರಾಂಶದಲ್ಲಿ ದೃಶ್ಯ ರೆಂಡರ್ ಮಾಡುವವರಿಗೆ ರೇ ಟ್ರೇಸಿಂಗ್ ಘಟಕಗಳಿರುವ ಸಾಧಾರಣ ಕಾರ್ಡೂ ಅವಿಲ್ಲದ ಹಿಂದಿನ ಪೀಳಿಗೆಯ ರಾಜನನ್ನು ಬಹಳ ಹಿಂದೆ ಬಿಡುತ್ತದೆ. ಭಾಷಾ ಮಾದರಿಗಳನ್ನು ಮನೆಯ ಯಂತ್ರದಲ್ಲೇ ಓಡಿಸುವವರ ಅನುಭವ ಇದಕ್ಕೆ ಉಲ್ಟಾ. ಅವರಲ್ಲಿ 2020ರ ಆರ್‌ಟಿಎಕ್ಸ್ 3090ಗೆ ಇನ್ನೂ ಬೇಡಿಕೆ ಇಳಿದಿಲ್ಲ. ಒಂದೊಂದು ಪದ ಹೊರಬರಲೂ ಮಾದರಿಯ ಲಕ್ಷಾಂತರವಲ್ಲ, ಕೋಟ್ಯಂತರ ಅಂಕಿಗಳನ್ನು ಮೆಮೊರಿಯಿಂದ ಓದಬೇಕು. ಆದ್ದರಿಂದ ಅದರ 24 ಜಿಬಿ ಮೆಮೊರಿ ಮತ್ತು ಸೆಕೆಂಡಿಗೆ 936 ಜಿಬಿ ವೇಗದ ಮುಂದೆ 12 ಜಿಬಿಯ, 672 ಜಿಬಿ ವೇಗದ ಹೊಸ 5070 ನಿಲ್ಲುವುದಿಲ್ಲ. ಈ ಕ್ಷೇತ್ರದಲ್ಲಿ ಕಂಪನಿಗಳು ಮುಂದಿಡುವ ಅಳತೆ ‘ಎಐ ಟಾಪ್ಸ್’, ಅಂದರೆ ಸೆಕೆಂಡಿಗೆ ಮಾಡಬಲ್ಲ ಲೆಕ್ಕಗಳ ಎಣಿಕೆ. ಆರ್‌ಟಿಎಕ್ಸ್ 4090ಗೆ 1321, 5090ಗೆ 3352 ಎಂದು ಎನ್ವಿಡಿಯಾ ಬರೆದಿದೆ. ನೋಡಿದವರಿಗೆ ಎರಡೂವರೆ ಪಟ್ಟು. ಮೊದಲನೆಯದು 8 ಬಿಟ್ ಸಂಖ್ಯೆಗಳ ಲೆಕ್ಕ, ಎರಡನೆಯದು 4 ಬಿಟ್ ಸಂಖ್ಯೆಗಳದು. ಸಂಖ್ಯೆ ಅರ್ಧ ಚಿಕ್ಕದಾದರೆ ಎಣಿಕೆ ದುಪ್ಪಟ್ಟಾಗುತ್ತದೆ. ಎರಡನ್ನೂ 8 ಬಿಟ್‌ಗೆ ತಂದು ನೋಡಿದರೆ 5090ರ ಅಂಕಿ ಸುಮಾರು 1676, ಅಂದರೆ ಹಳೆಯದಕ್ಕಿಂತ ಶೇಕಡ 27ರಷ್ಟು ಹೆಚ್ಚು.